ಕಸುಬುಗಾರರ ಕ್ಷಾಮ

ಕ್ಷಾಮವೆಂದರೆ ಧಾನ್ಯವಿಲ್ಲದಿರುವುದೆಂದು ಸಾಮಾನ್ಯವಾಗಿ ಎಲ್ಲರೂ ತಿಳಿದಿರುವರು. ಆದರೆ ಕಣಜದ ತುಂಬ ಭತ್ತವಿದ್ದೂ ಅದನ್ನು ಕುಟ್ಟಿ ಅಕ್ಕಿ ಮಾಡುವವರಿಲ್ಲದೆ ಮನೆಮಂದಿ ಹಸಿದು ಮಲಗಿದರೆ ಅದೂ ಕ್ಷಾಮವೇ ಸರಿ. ಇಂದು ನಮ್ಮ ದೇಶದ ಉದ್ಯೋಗರಂಗದಲ್ಲಿ ತಲೆದೋರಿರುವುದು ಈ ಎರಡನೆಯ ಬಗೆಯ ಕ್ಷಾಮ. 2023ನೆಯ ಇಸವಿಯಲ್ಲಿ ಭಾರತವು ಚೀನ ದೇಶವನ್ನು ಹಿಂದೆ ಹಾಕಿ ಜನಸಂಖ್ಯೆಯಲ್ಲಿ ಪ್ರಪಂಚಕ್ಕೇ ಮೊದಲನೆಯದಾಯಿತು. ಇಷ್ಟು ಜನರಿರುವ ನಾಡಿನಲ್ಲಿ ಪೀಣ್ಯದ ಸಣ್ಣ ಕಾರ್ಖಾನೆಯ ಯಜಮಾನನು ಒಳ್ಳೆಯ ಟರ್ನರ್ ಸಿಕ್ಕುವುದಿಲ್ಲವೆನ್ನುತ್ತಾನೆ. ಬೆಳಗಾವಿಯ ಎರಕದ ಕಾರ್ಖಾನೆಯವನು ಅಚ್ಚು ಕಟ್ಟಬಲ್ಲವನು ದೊರೆಯುವುದಿಲ್ಲವೆನ್ನುತ್ತಾನೆ. ಮನೆ ಕಟ್ಟಿಸುವ ಗೃಹಸ್ಥನು ನೆಚ್ಚಬಹುದಾದ ಗಾರೆಯವನನ್ನೂ ಕೊಳಾಯಿಯವನನ್ನೂ ಹುಡುಕಿ ಬೇಸತ್ತಿರುತ್ತಾನೆ. ದೇಶದ ಅತಿ ದೊಡ್ಡ ಕಾಮಗಾರಿ ಸಂಸ್ಥೆಯೊಂದರವರು ತಮಗೆ 25,000ದಿಂದ 30,000 ಮಂದಿ ಕೆಲಸಗಾರರ ಕೊರತೆಯುಂಟೆಂದು 2024ರಲ್ಲಿ ಬಹಿರಂಗವಾಗಿಯೇ ಹೇಳಿದರು.

ಇದು ಒಂದು ಪಕ್ಕದ ಕೂಗು. ಇನ್ನೊಂದು ಪಕ್ಕದ ಗೋಳೂ ಇದಕ್ಕೆ ಕಡಮೆಯಾದುದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು ಭಾರತದ ಉದ್ಯೋಗಸ್ಥಿತಿಯ ವಿಷಯವಾಗಿ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ವಿಚಿತ್ರವಾದ ಸಂಗತಿಯುಂಟು. 2022ರಲ್ಲಿ ಓದು ಬರಹ ಬಾರದ ತರುಣರಲ್ಲಿ ಕೆಲಸವಿಲ್ಲದವರು ನೂರಕ್ಕೆ 3.4 ಮಂದಿ; ಪದವೀಧರರಾದ ತರುಣರಲ್ಲಿ ಕೆಲಸವಿಲ್ಲದವರು ನೂರಕ್ಕೆ 29.1 ಮಂದಿ! ಓದಿದಷ್ಟೂ ನಿರುದ್ಯೋಗವು ಹೆಚ್ಚುವುದೆಂದರೆ ಅದೆಂಥ ಓದು? ಓದದ ಬಡವನು ಸುಖವಾಗಿದ್ದಾನೆಂದು ಇದರ ಅರ್ಥವಲ್ಲ. ಕೆಲಸವಿಲ್ಲದೆ ಕುಳಿತಿರುವಷ್ಟು ಅನುಕೂಲ ಅವನಿಗಿಲ್ಲ, ಆದುದರಿಂದ ಸಿಕ್ಕಿದ ಕೂಲಿಯನ್ನು ಮಾಡುತ್ತಾನೆ. ಓದಿದವನು ತನ್ನ ಓದಿಗೆ ತಕ್ಕ ಕುರ್ಚಿಗಾಗಿ ಕಾಯುತ್ತಾನೆ.

ಆಳಿಲ್ಲವೆಂಬ ಕೂಗೂ ಕೆಲಸವಿಲ್ಲವೆಂಬ ಗೋಳೂ ಎರಡೂ ನಿಜವೇ. ಇವು ಒಂದೇ ರೋಗದ ಎರಡು ಲಕ್ಷಣಗಳು. ನಮಗೆ ಜನರ ಕೊರತೆಯಿಲ್ಲ, ಸರ್ಕಾರದ ಯೋಜನೆಗಳ ಕೊರತೆಯೂ ಇಲ್ಲ. ಕೊರತೆಯಿರುವುದು ಕಸುಬನ್ನು ಕಲಿಸುವ ಪದ್ಧತಿಯಲ್ಲಿ. ಕಲಿತ ಕಸುಬಿಗೆ ನಾವು ಸಲ್ಲಿಸುವ ಮಜೂರಿಯಲ್ಲಿ ಮತ್ತು ಮರ್ಯಾದೆಯಲ್ಲಿ. ಈ ಮಾತನ್ನು ಅಂಕಿಗಳ ಆಧಾರದಿಂದಲೇ ವಿಚಾರಮಾಡೋಣ.

ಲೆಕ್ಕವು ಹೇಳುವುದೇನು?

ಹದಿನೈದು ವರ್ಷ ಮೀರಿದವರಲ್ಲಿ ಕೆಲಸ ಮಾಡುತ್ತಿರುವವರೂ ಕೆಲಸವನ್ನು ಹುಡುಕುತ್ತಿರುವವರೂ ಸೇರಿ ನೂರಕ್ಕೆ ಎಷ್ಟು ಮಂದಿ ಎಂಬುದನ್ನು ಕೇಂದ್ರ ಸರ್ಕಾರದವರು ಕಾಲಕಾಲಕ್ಕೆ ಎಣಿಸಿ ಪ್ರಕಟಿಸುತ್ತಾರೆ. ದೇಶದ ದುಡಿಮೆಯ ಬಲ ಎಷ್ಟೆಂಬುದಕ್ಕೆ ಇದೇ ಅಳತೆಗೋಲು. 2017-18ರಲ್ಲಿ ಈ ಪ್ರಮಾಣ 49.8 ಇದ್ದದ್ದು 2023-24ರಲ್ಲಿ 60.1ಕ್ಕೆ ಏರಿತು. ಪುರುಷರಲ್ಲಿ 75.8ರಿಂದ 78.8ಕ್ಕೆ ಏರಿದರೆ, ಸ್ತ್ರೀಯರಲ್ಲಿ 23.3ರಿಂದ 41.7ಕ್ಕೆ ಏರಿತು. ಅದೇ ಅವಧಿಯಲ್ಲಿ ನಿರುದ್ಯೋಗದ ಪ್ರಮಾಣವು 6ರಿಂದ 3.2ಕ್ಕೆ ಇಳಿಯಿತು.

ಇವಿಷ್ಟನ್ನೇ ನೋಡಿದವರು ದೇಶವು ಉದ್ಧಾರವಾಯಿತೆಂದು ಹಿಗ್ಗಬಹುದು. ಆದರೆ ಅಂಕಿಗಳ ಒಳಹೊಕ್ಕು ನೋಡತಕ್ಕವರು ಹಾಗೆ ಹಿಗ್ಗಲಾರರು. ಹಳ್ಳಿಗಳ ಸ್ತ್ರೀಯರಲ್ಲಿ ಈ ಪ್ರಮಾಣ 24.6ರಿಂದ 47.6ಕ್ಕೆ ಏರಿದೆ, ಪಟ್ಟಣಗಳಲ್ಲಿ 20.4ರಿಂದ 28ಕ್ಕೆ ಮಾತ್ರ. ದುಡಿಯುವ ಸ್ತ್ರೀಯರಲ್ಲಿ ಸ್ವಂತ ಉದ್ಯೋಗದವರೆನಿಸಿಕೊಂಡವರು 2017-18ರಲ್ಲಿ ನೂರಕ್ಕೆ 51.9 ಇದ್ದವರು 2023-24ರಲ್ಲಿ 67.4 ಆಗಿರುವರು, ಅವರೊಳಗೆ, ಒಟ್ಟು ದುಡಿಯುವ ಸ್ತ್ರೀಯರಲ್ಲಿ ನೂರಕ್ಕೆ 36.7ರಷ್ಟು ಮಂದಿ ಮನೆಯ ಹೊಲದಲ್ಲಿಯೋ ಅಂಗಡಿಯಲ್ಲಿಯೋ ಸಂಬಳವಿಲ್ಲದೆ ನೆರವಾಗುವವರು. ಹಾಲು ಕರೆದು, ಕಳೆ ಕಿತ್ತು, ಅಂಗಡಿಯ ಗಲ್ಲದ ಬಳಿ ಕುಳಿತ ಆಕೆಯ ಶ್ರಮವು ಲೆಕ್ಕಕ್ಕೆ ಬಂದದ್ದು ಸಂತೋಷದ ಸಂಗತಿಯೇ. ಆದರೆ ಲೆಕ್ಕದ ಪುಸ್ತಕದಲ್ಲಿ ಉದ್ಯೋಗವಂತೆಯೆನಿಸಿದ ಆಕೆಯ ಸೆರಗಿನ ಗಂಟಿಗೆ ಒಂದು ಕಾಸೂ ಬರುವುದಿಲ್ಲವೆಂಬುದನ್ನು ಮರೆಯಬಾರದು. ಅಂದಮೇಲೆ ದುಡಿಯುವ ಕೈಗಳು ಹೆಚ್ಚಿರುವುದು ನಿಜ. ಕುಶಲ ಕೈಗಳು ಹೆಚ್ಚಿವೆಯೆಂದು ಇದರಿಂದ ತಿಳಿಯುವಂತಿಲ್ಲ.

ಕಲಿಕೆಯಲ್ಲಿರುವ ಲೋಪ

2015ರಲ್ಲಿ ಕೇಂದ್ರ ಸರ್ಕಾರದವರು ಹೊರಡಿಸಿದ ಕುಶಲತಾಭಿವೃದ್ಧಿ ನೀತಿಯಲ್ಲಿಯೇ ಒಂದು ಪಟ್ಟಿ ಕೊಟ್ಟಿರುವರು. ಕಸುಬಿನಲ್ಲಿ ಕ್ರಮವಾದ ಶಿಕ್ಷಣ ಪಡೆದ ಕೆಲಸಗಾರರು ದಕ್ಷಿಣ ಕೊರಿಯದಲ್ಲಿ ನೂರಕ್ಕೆ 96, ಜಪಾನಿನಲ್ಲಿ 80, ಜರ್ಮನಿಯಲ್ಲಿ 75, ಇಂಗ್ಲೆಂಡು ಸೇರಿದ ಬ್ರಿಟನ್ನಿನಲ್ಲಿ 68, ಅಮೆರಿಕದಲ್ಲಿ 52, ಭಾರತದಲ್ಲಿ 4.69. ಶಿಕ್ಷಣವೆಂಬ ಮಾತಿಗೆ ಒಂದೊಂದು ದೇಶದವರು ಒಂದೊಂದು ಅರ್ಥವಿಟ್ಟುಕೊಂಡಿರುವುದರಿಂದ ಈ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಪೂರ್ತಿಯಾಗಿ ಸರಿಯಲ್ಲ. ಆದರೂ ಅಂತರವು ಅಜಗಜದ್ದು. ಅದನ್ನು ಯಾವ ವಾದದಿಂದಲೂ ಮುಚ್ಚಿಡಲಾಗದು.

ಇದಕ್ಕಿಂತಲೂ ಹೆಚ್ಚಾಗಿ ಮನನ ಮಾಡತಕ್ಕದ್ದು ಇನ್ನೊಂದು ಅಂಕಿ. 2022-23ರ ಎಣಿಕೆಯಂತೆ 15ರಿಂದ 29 ವರ್ಷದೊಳಗಿನ ತರುಣರಲ್ಲಿ ಸಂಸ್ಥೆಗಳಲ್ಲಿ ಕ್ರಮವಾಗಿ ಕಸುಬು ಕಲಿತವರು ನೂರಕ್ಕೆ 4.4; ಮನೆಯಲ್ಲಿಯೋ, ಅಂಗಡಿಯಲ್ಲಿಯೋ, ಕೆಲಸದ ಸ್ಥಳದಲ್ಲಿಯೋ ನೋಡಿ ಮಾಡಿ ಕಲಿತವರು 16.6. ಅಂದರೆ ಶಾಲೆಯಲ್ಲಿ ಕಲಿತವನೊಬ್ಬನಾದರೆ ಮೇಸ್ತ್ರಿಯ ಮಗ್ಗುಲಲ್ಲಿ ನಿಂತು ಕಲಿತವರು ಹತ್ತಿರ ಹತ್ತಿರ ನಾಲ್ವರು. ನಮ್ಮ ದೇಶದ ನಿಜವಾದ ಕಸುಬಿನ ಶಾಲೆ ಇಂದಿಗೂ ಮೇಸ್ತ್ರಿಯ ಮಗ್ಗುಲೇ. ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವ ಹುಡುಗ, ಬಡಗಿಯ ಬಳಿ ಹಲಗೆ ಹಿಡಿಯುವ ಹುಡುಗ, ಗಾರೆಯವನಿಗೆ ಬಾಂಡಲಿ ಹೊರುವ ಹುಡುಗ ಇವರೇ ಆ ಶಾಲೆಯ ವಿದ್ಯಾರ್ಥಿಗಳು. ಆದರೆ ಈ ಶಾಲೆಗೆ ಪಠ್ಯವಿಲ್ಲ, ಪರೀಕ್ಷೆಯಿಲ್ಲ, ಗುರುವಿಗೆ ಸಂಭಾವನೆಯಿಲ್ಲ, ಶಿಷ್ಯನಿಗೆ ಪತ್ರವಿಲ್ಲ. ಸರ್ಕಾರದ ಕೋಟ್ಯಂತರ ರೂಪಾಯಿ ಹರಿಯುವುದು ಬೇರೆ ಕಡೆಗೆ.

ಅದು ಹರಿದ ರೀತಿಯನ್ನು ನೋಡಿರಿ. 2022ರೊಳಗಾಗಿ 50 ಕೋಟಿ ಜನರಿಗೆ ಕಸುಬು ಕಲಿಸುವೆವೆಂದು 2009ರ ನೀತಿಯು ಸಾರಿತು. 2015ರಲ್ಲಿ ಹೊಸ ಸರ್ಕಾರದವರು 40 ಕೋಟಿಯೆಂದರು. 2022 ಬಂದು ಹೋಯಿತು. ಗುರಿಯು ಕಾಗದದಲ್ಲಿಯೇ ಉಳಿಯಿತು. ಗುರಿ ದೊಡ್ಡದಾಗಿದ್ದುದು ತಪ್ಪಲ್ಲ. ಕೋಟಿಗಳ ಲೆಕ್ಕವನ್ನು ಪೂರೈಸುವ ಆತುರದಲ್ಲಿ ಕೆಲವೇ ತಿಂಗಳ, ಕೆಲವೆಡೆ ಕೆಲವೇ ವಾರಗಳ ಶಿಕ್ಷಣದಿಂದ ಕಸುಬುಗಾರನಾಗುವನೆಂದು ನಂಬಿದ್ದು ತಪ್ಪು. ಶಾರದಾ ಪ್ರಸಾದರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರವೇ 2016ರಲ್ಲಿ ನೇಮಿಸಿದ ಸಮಿತಿಯು ಇಂಥ ಅಲ್ಪಾವಧಿಯ ಶಿಕ್ಷಣವನ್ನೂ ಸಂಖ್ಯೆಯ ಬೆನ್ನು ಹತ್ತಿದ ಗುರಿಗಳನ್ನೂ ಟೀಕಿಸಿತು.

ಕಸುಬು ತಿಂಗಳುಗಳಲ್ಲಿ ಏಕೆ ಬಾರದು? ಲೇತಿನ ಮುಂದೆ ನಿಲ್ಲುವವನಿಗೆ ನಕ್ಷೆಯನ್ನು ಓದಲು ಬರಬೇಕು. ಮಿಲಿಮೀಟರಿನ ನೂರನೆಯ ಒಂದು ಪಾಲನ್ನು ಅಳೆಯಲು ಬರಬೇಕು. ಉಕ್ಕಿಗೆ ಎಷ್ಟು ವೇಗ, ಹಿತ್ತಾಳೆಗೆ ಎಷ್ಟು ವೇಗ ಎಂಬುದು ತಿಳಿದಿರಬೇಕು. ಉಳಿಯ ಮೊನೆ ಸವೆಯಿತೆಂಬುದನ್ನು ಕಣ್ಣಿಗೆ ಕಾಣುವ ಮೊದಲೇ ಸದ್ದಿನಿಂದ ಅರಿಯಬೇಕು. ಬೆಸುಗೆ ಹಾಕುವವನು ಕೈಯ ನಡೆ ಒಂದಿಷ್ಟು ತಡವಾದರೆ ತಗಡು ತೂತಾಗುವುದನ್ನೂ, ಒಂದಿಷ್ಟು ಬೇಗನೆಯಾದರೆ ಬೆಸುಗೆಯು ಒಳಗಿಳಿಯದೆ ಮೇಲೆಯೇ ನಿಲ್ಲುವುದನ್ನೂ ನೂರು ಸಲ ಕೆಡಿಸಿ ಕಲಿಯಬೇಕು. ಹೀಗೆ ಕೆಡಿಸುವುದಕ್ಕೆ ಲೋಹ ಬೇಕು, ಹೊತ್ತು ಬೇಕು, ಬೈದು ತಿದ್ದುವ ಗುರು ಬೇಕು. ಈ ಮೂರನ್ನೂ ಕೊಡದೆ ಪತ್ರವನ್ನು ಮಾತ್ರ ಕೊಟ್ಟರೆ ಕಾರ್ಖಾನೆಯವನು ಆ ಪತ್ರವನ್ನು ನಂಬುವುದಿಲ್ಲ. ಅವನು ನಂಬುವುದಿಲ್ಲವೆಂದು ತಿಳಿದ ಹುಡುಗನು ಕಲಿಯಲು ಬರುವುದಿಲ್ಲ. ಕ್ಷಾಮದ ಬೇರು ಇಲ್ಲಿದೆ.

ಜರ್ಮನಿಯವರ ಕ್ರಮ

ಈ ಬೇರನ್ನು ಕಿತ್ತ ದೇಶಗಳಲ್ಲಿ ಜರ್ಮನಿಯು ಮುಖ್ಯವಾದುದು. ಅಲ್ಲಿ ಕಸುಬು ಕಲಿಯುವ ತರುಣನು ಮೊದಲು ಕಾರ್ಖಾನೆಯೊಡನೆ ಲಿಖಿತ ಕರಾರು ಮಾಡಿಕೊಳ್ಳುತ್ತಾನೆ. ಬಹುಮಟ್ಟಿಗೆ ಮೂರು, ಮೂರೂವರೆ ವರ್ಷ ವಾರದ ಹೆಚ್ಚು ದಿನಗಳನ್ನು ಕಾರ್ಖಾನೆಯಲ್ಲಿಯೂ ಒಂದೆರಡು ದಿನಗಳನ್ನು ಶಾಲೆಯಲ್ಲಿಯೂ ಕಳೆಯುತ್ತಾನೆ. ಆ ಕಾಲದಲ್ಲೆಲ್ಲ ಅವನಿಗೆ ಭತ್ಯವುಂಟು; ವರ್ಷದಿಂದ ವರ್ಷಕ್ಕೆ ಅದು ಏರುತ್ತದೆ. ಕೊನೆಯಲ್ಲಿ ಪರೀಕ್ಷೆ ನಡೆಸುವವರು ಅವನ ಶಾಲೆಯ ಮೇಷ್ಟರಲ್ಲ, ಉದ್ಯಮಿಗಳ ಮತ್ತು ಕಸುಬುದಾರರ ಮಂಡಲಿಗಳು. 1969ರಲ್ಲಿ ಈ ಪದ್ಧತಿಯನ್ನು ಸಮಗ್ರವಾದ ಕಾನೂನಿನಲ್ಲಿ ಬಿಗಿದರು. ಇಂದು 300ಕ್ಕೂ ಹೆಚ್ಚು ಕಸುಬುಗಳು ಅದರ ವ್ಯಾಪ್ತಿಯಲ್ಲಿವೆ. ಕಸುಬಿನಲ್ಲಿ ಪಳಗಿದವನು ಮುಂದೆ ಗುರುಪರೀಕ್ಷೆಯಲ್ಲಿ ತೇರ್ಗಡೆಯಾದರೆ 'ಮೈಸ್ಟರ್' ಎಂಬ ಬಿರುದನ್ನು ಪಡೆಯುತ್ತಾನೆ. ಅದು ಸಮಾಜದಲ್ಲಿ ಗೌರವದ ಬಿರುದು.

ನಮ್ಮಲ್ಲಿ ಇಂಥ ಕಾನೂನಿಲ್ಲವೆ? ಉಂಟು. 1961ರಲ್ಲಿಯೇ ಶಿಶಿಕ್ಷು ಕಾನೂನು ಬಂದಿತು. ಅದರ ನಿಯಮಗಳನ್ನು 2019ರಲ್ಲಿ ತಿದ್ದಿ, 30 ಅಥವಾ ಅದಕ್ಕೆ ಮೇಲ್ಪಟ್ಟು ಜನರಿರುವ ಪ್ರತಿಯೊಂದು ಸಂಸ್ಥೆಯೂ ತನ್ನ ಕೆಲಸಗಾರರ ನೂರಕ್ಕೆ ಎರಡೂವರೆಯಿಂದ ಹದಿನೈದರಷ್ಟು ಶಿಶಿಕ್ಷುಗಳನ್ನು ಇಟ್ಟುಕೊಳ್ಳತಕ್ಕದ್ದೆಂದು ಗೊತ್ತುಮಾಡಿದರು. ಆದರೆ ಕಾನೂನು ಇರುವುದು ಬೇರೆ, ಅದು ನಡೆಯುವುದು ಬೇರೆ. ಕೆಲವರು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಕೆಲವರು ಅಗ್ಗದ ಆಳುಗಳು ಸಿಕ್ಕಿದರೆಂದು ತೆಗೆದುಕೊಂಡು ವರ್ಷವಿಡೀ ಒಂದೇ ಗುಂಡಿ ಒತ್ತಿಸಿ ಕಳುಹಿಸುತ್ತಾರೆ. ಕಲಿಸಿದರೆ ಕಲಿತವನು ನಾಳೆ ಪಕ್ಕದ ಕಾರ್ಖಾನೆಗೆ ಹೋಗುವನೆಂಬ ಭಯವೂ ಅವರಿಗುಂಟು. ಈ ಭಯಕ್ಕೆ ಮದ್ದು ಒಂದೇ: ಎಲ್ಲರೂ ಕಲಿಸುವುದು. ಕೆರೆಗೆ ಎಲ್ಲರೂ ಹಾಲೆರೆಯುವರೆಂದು ನಂಬಿ ಒಬ್ಬೊಬ್ಬರೂ ನೀರೆರೆದ ಕಥೆ ನಮ್ಮ ಮಕ್ಕಳಿಗೂ ತಿಳಿದಿದೆ.

ನಮ್ಮ ನಾಡಿನ ಪರಂಪರೆ

ಇದು ಪರದೇಶದಿಂದ ಮಾತ್ರ ಕಲಿಯಬೇಕಾದ ಪಾಠವಲ್ಲ. 1916ರಿಂದ 1918ರವರೆಗೆ ಸರ್ ಥಾಮಸ್ ಹಾಲೆಂಡರ ಅಧ್ಯಕ್ಷತೆಯಲ್ಲಿ ನಡೆದ ಭಾರತದ ಕೈಗಾರಿಕಾ ಆಯೋಗದಲ್ಲಿ ಪಂಡಿತ ಮದನಮೋಹನ ಮಾಲವೀಯರು ಪ್ರತ್ಯೇಕ ಟಿಪ್ಪಣಿಯನ್ನು ಬರೆದು, ತಾಂತ್ರಿಕ ಶಿಕ್ಷಣವಿಲ್ಲದೆ ದೇಶದ ಕೈಗಾರಿಕೆ ಏಳಲಾರದೆಂಬುದನ್ನು ಒತ್ತಿ ತೋರಿಸಿದರು. ಅದೇ ಕಾಲದಲ್ಲಿ ಮೈಸೂರು ಸಂಸ್ಥಾನವು ಮಾತಿನಿಂದ ಕೃತಿಗೆ ಇಳಿದಿತ್ತು. 1911ರಲ್ಲಿ ಏರ್ಪಟ್ಟ ಅರ್ಥಾಭಿವೃದ್ಧಿ ಸಮ್ಮೇಳನವೂ, 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಉದ್ಯಮವೂ ಅದಕ್ಕೆ ಸಾಕ್ಷಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಪ್ರಾರಂಭವಾದಾಗ ಪರದೇಶದ ತಜ್ಞರನ್ನು ನೆಚ್ಚಿಕೊಂಡಿತ್ತು. ವಿಶ್ವೇಶ್ವರಯ್ಯನವರು ಅದರ ಮಂಡಲಿಯ ಅಧ್ಯಕ್ಷರಾಗಿದ್ದ ವರ್ಷಗಳಲ್ಲಿ ನಾಡಿನವರನ್ನೇ ಪಳಗಿಸಿ ಆ ಸ್ಥಾನಗಳಿಗೆ ತಂದರು. ಎಂಬತ್ತು ಮೀರಿದ ವಯಸ್ಸಿನಲ್ಲಿ, 1943ರಲ್ಲಿ, ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣಶಾಲೆಯು ಸ್ಥಾಪಿತವಾದುದೂ ಅವರ ಪ್ರಯತ್ನದಿಂದಲೇ.

ಸ್ವಾತಂತ್ರ್ಯಾನಂತರ ಬೆಂಗಳೂರಿನಲ್ಲಿ ಬೆಳೆದ ಸರ್ಕಾರದ ದೊಡ್ಡ ಕಾರ್ಖಾನೆಗಳು ಈ ಪರಂಪರೆಯನ್ನು ಮುಂದುವರಿಸಿದವು. 1953ರಲ್ಲಿ ಸ್ವಿಟ್ಸರ್ಲೆಂಡಿನವರ ಸಹಕಾರದಿಂದ ಹುಟ್ಟಿದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಮೊದಲಾದ ಕಾರ್ಖಾನೆಗಳ ಆವರಣದಲ್ಲಿಯೇ ಕಸುಬಿನ ಶಾಲೆಗಳಿದ್ದವು. ಅಲ್ಲಿ ಕಲಿತವರೆಲ್ಲ ಅಲ್ಲಿಯೇ ಉಳಿಯಲಿಲ್ಲ. ಎಷ್ಟೋ ಮಂದಿ ಹೊರಬಂದು ಒಂದು ಲೇತು, ಎರಡು ಲೇತು ಹಾಕಿಕೊಂಡು ತಾವೇ ಯಜಮಾನರಾದರು. ಬೆಂಗಳೂರು ಯಂತ್ರೋಪಕರಣಗಳ ಪಟ್ಟಣವೆನಿಸಿದ್ದು ಕೇವಲ ಬಂಡವಾಳದಿಂದಲ್ಲ, ಇಂಥ ಕೈಗಳಿಂದ. 1972ರಲ್ಲಿ ಡೆನ್ಮಾರ್ಕಿನವರ ನೆರವಿನಿಂದ ಪ್ರಾರಂಭವಾದ ಸರ್ಕಾರೀ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಇಂದಿಗೂ ಜೀವಂತವಾಗಿದ್ದು ನಾಡಿನ ಹಲವು ಊರುಗಳಿಗೆ ಹಬ್ಬಿದೆ. 2007ರಲ್ಲಿ ಬಿಡದಿಯಲ್ಲಿ ಮೋಟಾರು ಕಾರ್ಖಾನೆಯವರು ತೆರೆದ ಶಾಲೆಯಲ್ಲಿ ಹಳ್ಳಿಗಳ ಬಡ ಹುಡುಗರು ಹತ್ತನೆಯ ತರಗತಿಯ ತರುವಾಯ ಮೂರು ವರ್ಷ ಅಲ್ಲಿಯೇ ಇದ್ದು ಕಲಿಯುತ್ತಾರೆ. ಈ ಉದಾಹರಣೆಗಳಲ್ಲೆಲ್ಲ ಸಮಾನವಾದ ಗುಣ ಒಂದುಂಟು: ಶಾಲೆಯೂ ಕಾರ್ಖಾನೆಯೂ ಒಂದೇ ಸೂರಿನಡಿಯಲ್ಲಿವೆ ಅಥವಾ ಒಂದಕ್ಕೊಂದು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿವೆ.

1950ರಿಂದ ಬೆಳೆದುಬಂದ ಕೈಗಾರಿಕಾ ತರಬೇತಿ ಸಂಸ್ಥೆಗಳು ಇಂದು ದೇಶದಲ್ಲಿ ಹತ್ತಿರ ಹತ್ತಿರ 15,000 ಇವೆ. ನಾಲ್ಕರಲ್ಲಿ ಮೂರು ಪಾಲು ಖಾಸಗಿಯವು. ಇವುಗಳಲ್ಲಿ ಎಷ್ಟೋ ಸಂಸ್ಥೆಗಳಿಗೆ ಕಾರ್ಖಾನೆಯ ಗಾಳಿಯೇ ತಗುಲದು. ಕರ್ನಾಟಕ ಸರ್ಕಾರದವರು ಟಾಟಾ ಸಂಸ್ಥೆಯವರೊಡನೆ ಸೇರಿ 150 ಸರ್ಕಾರೀ ಸಂಸ್ಥೆಗಳಿಗೆ ಹೊಸ ಯಂತ್ರಗಳನ್ನು ತಂದಿರುವುದು ಶ್ಲಾಘ್ಯ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದವರು 1,000 ಸರ್ಕಾರೀ ಸಂಸ್ಥೆಗಳ ಸುಧಾರಣೆಗಾಗಿ 60,000 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿರುವುದೂ ಸ್ವಾಗತಾರ್ಹ. ಇದರಲ್ಲಿ 10,000 ಕೋಟಿ ಉದ್ಯಮಿಗಳಿಂದ ಬರತಕ್ಕದ್ದು. ಆದರೆ ಯಂತ್ರವನ್ನು ಹಣದಿಂದ ಕೊಳ್ಳಬಹುದು; ಅದರ ಮುಂದೆ ನಿಂತು ಕಲಿಸುವವನನ್ನು ಟೆಂಡರು ಕರೆದು ತರಲಾಗದು. ಉಪಾಧ್ಯಾಯನಿಲ್ಲದ ಯಂತ್ರಾಗಾರವು ದೇವರಿಲ್ಲದ ಗುಡಿಯಂತೆ.

ಮಜೂರಿ ಮತ್ತು ಮರ್ಯಾದೆ

ಇನ್ನು ಮರ್ಯಾದೆಯ ವಿಚಾರ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ನಾಡಿನ ಶರಣರು ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ಮಾದಾರ ಚೆನ್ನಯ್ಯ ಎಂದು ಕಸುಬನ್ನು ಹೆಸರಿನ ಮುಂದೆಯೇ ಇಟ್ಟುಕೊಂಡು ಅವರು ತಲೆಯೆತ್ತಿ ನಡೆದರು. ಆದರೆ ಆ ನಾಡಿನಲ್ಲಿಯೇ ಕಸುಬನ್ನು ಜಾತಿಯ ಬೇಲಿಯೊಳಗೆ ಕೂಡಿಹಾಕಿ, ಕೈ ಮಸಿಯಾಗುವವನು ಕೀಳು, ಕೈ ಮಸಿಯಾಗದವನು ಮೇಲು ಎಂದು ನಾವು ಎಣಿಸಿಕೊಂಡು ಬಂದೆವು. ಇಂದಿಗೂ ಪಟ್ಟಣದ ಗೃಹಸ್ಥನು ಕೊಳಾಯಿಯವನು ಹೊತ್ತಿಗೆ ಬರಲಿಲ್ಲವೆಂದು ಗೊಣಗುತ್ತಾನೆ. ತನ್ನ ಮಗನು ಕೊಳಾಯಿಯ ಕೆಲಸ ಕಲಿಯುತ್ತೇನೆಂದರೆ ಮನೆಯಲ್ಲಿ ಸೂತಕ ಬಂದಂತೆ ಆಡುತ್ತಾನೆ. ಹತ್ತನೆಯ ತರಗತಿಯಲ್ಲಿ ಅಂಕ ಕಡಮೆ ಬಂದವನೇ ಐ.ಟಿ.ಐ.ಗೆ ಹೋಗತಕ್ಕವನೆಂಬ ಭಾವನೆ ಇರುವ ತನಕ ಬುದ್ಧಿವಂತ ಹುಡುಗರು ಅತ್ತ ಸುಳಿಯುವುದು ಹೇಗೆ?

ಬರಿಯ ಮರ್ಯಾದೆಯಿಂದ ಹೊಟ್ಟೆ ತುಂಬದು. ಕೇಂದ್ರ ಸರ್ಕಾರದ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯಂತೆ 2022-23ರಲ್ಲಿ ಕಾರ್ಖಾನೆಗಳ ಕೆಲಸಗಾರರಲ್ಲಿ ಹತ್ತಕ್ಕೆ ನಾಲ್ವರು ಗುತ್ತಿಗೆದಾರರ ಮೂಲಕ ಬಂದವರು. ಇಂದು ಇದ್ದು ನಾಳೆ ಹೋಗತಕ್ಕವನಿಗೆ ಯಜಮಾನನು ಏಕೆ ಕಲಿಸಿಯಾನು? ನಾಳೆ ಹೋಗಬೇಕೆಂದು ಬಲ್ಲವನು ಏಕೆ ಕಲಿತಾನು? ಹತ್ತು ವರ್ಷ ಪಳಗಿದವನಿಗೂ ನಿನ್ನೆ ಬಂದವನಿಗೂ ಮಜೂರಿಯಲ್ಲಿ ಅಲ್ಪಸ್ವಲ್ಪ ಅಂತರವಿದ್ದರೆ ಪಳಗುವ ಶ್ರಮವನ್ನು ಯಾರೂ ಪಡುವುದಿಲ್ಲ. ಪದಾರ್ಥದ ಅಭಾವವಾದರೆ ಅದರ ಬೆಲೆ ಏರುವುದು ವ್ಯಾಪಾರದ ನಿಯಮ. ಕಸುಬುಗಾರರ ಅಭಾವವಾಗಿದೆಯೆಂದು ಕೂಗುವವರು ಅವರ ಬೆಲೆಯನ್ನು ಮಾತ್ರ ಏರಿಸಲೊಲ್ಲರೆಂದರೆ ಆ ಕೂಗಿನಲ್ಲಿ ಎಷ್ಟು ಪಾಲು ನಿಜ, ಎಷ್ಟು ಪಾಲು ಅಗ್ಗದ ಆಳಿನ ಆಸೆ ಎಂಬುದನ್ನು ವಿವೇಕಿಗಳು ತೂಗಿ ನೋಡಬೇಕು.

ಈ ಆಸೆಯ ವಿಕಾರರೂಪವನ್ನು ನಾಡು 2020ನೆಯ ಮೇ ತಿಂಗಳಲ್ಲಿ ಕಂಡಿತು. ಮಹಾಮಾರಿಯ ಕಾಲದಲ್ಲಿ ಊರಿಗೆ ಮರಳಲು ಹಂಬಲಿಸುತ್ತಿದ್ದ ಪರಪ್ರಾಂತದ ಕೆಲಸಗಾರರಿಗಾಗಿ ಗೊತ್ತಾಗಿದ್ದ ರೈಲುಗಳನ್ನು ರಾಜ್ಯ ಸರ್ಕಾರವು ಕಟ್ಟಡ ನಿರ್ಮಾಪಕರೊಡನೆ ಸಮಾಲೋಚಿಸಿದ ತರುವಾಯ ರದ್ದುಪಡಿಸಿತು. ದೇಶದ ನಾನಾ ಕಡೆಗಳಿಂದ ಆಕ್ಷೇಪಣೆ ಬಂದ ಮೇಲೆ ಒಂದೆರಡು ದಿನಗಳಲ್ಲಿಯೇ ಪುನಃ ಬಿಡಲು ಒಪ್ಪಿತು. ಬಿಹಾರ, ಒಡಿಶಾಗಳಿಂದ ಬಂದು ನಮ್ಮ ಮಹಡಿಗಳನ್ನು ಕಟ್ಟುವ ಆ ಜನರು ನಮಗೆ ಬೇಕೇ ಬೇಕೆಂಬುದು ಅಂದು ಎಲ್ಲರಿಗೂ ಮನವರಿಕೆಯಾಯಿತು. ಬೇಕಾದವರನ್ನು ಉಳಿಸಿಕೊಳ್ಳುವ ಮಾರ್ಗ ಬಾಗಿಲು ಹಾಕುವುದಲ್ಲ. ವಸತಿ, ಮಜೂರಿ, ಮಕ್ಕಳ ಓದು ಇವುಗಳನ್ನು ಒದಗಿಸುವುದು.

ಸ್ತ್ರೀಯರ ದುಡಿಮೆ

ಪಟ್ಟಣದ ಸ್ತ್ರೀಯರಲ್ಲಿ ನೂರಕ್ಕೆ 72 ಮಂದಿ ಉದ್ಯೋಗದ ಲೆಕ್ಕದಿಂದ ಹೊರಗೇ ಇರುವಾಗ ಕೆಲಸಗಾರರ ಕೊರತೆಯೆಂದು ಹೇಳುವುದು ಒಂದು ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಭಾರ ಹೆಚ್ಚಾಯಿತೆಂದು ಹಲುಬಿದಂತೆ. ಅವರು ಸುಮ್ಮನೆ ಕುಳಿತಿಲ್ಲ. 2024ರ ಸಮಯವಿನಿಯೋಗದ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ 289 ನಿಮಿಷಗಳನ್ನು ಅದರಲ್ಲಿ ಕಳೆಯುತ್ತಾರೆ. ಆ ಕೆಲಸಕ್ಕೆ ಕೈಹಾಕಿದ ಪುರುಷರು 88 ನಿಮಿಷಗಳನ್ನು. ಹೀಗೆ ಐದು ಗಂಟೆಗಳ ದುಡಿಮೆಯನ್ನು ಮನೆಯಲ್ಲಿ ಮುಗಿಸಿದವಳು ಎಂಟು ಗಂಟೆ ಕಾರ್ಖಾನೆಯಲ್ಲಿ ನಿಲ್ಲಬೇಕಾದರೆ ಕೂಸನ್ನು ನೋಡಿಕೊಳ್ಳುವ ಜಾಗವೂ, ಹೋಗಿಬರುವ ಬಸ್ಸೂ, ನಿರ್ಭಯವಾದ ದಾರಿಯೂ ಬೇಕು.

ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಪುಕ್ಕಟೆ ಪ್ರಯಾಣವನ್ನು ಏರ್ಪಡಿಸಿದಾಗ ಕೆಲವರು ನಕ್ಕರು. ದಿನಗೂಲಿಯ ಒಂದು ಪಾಲನ್ನು ಟಿಕೆಟ್ಟಿಗೆ ಕೊಡುತ್ತಿದ್ದವಳು ನಗಲಿಲ್ಲ. ಅದೇ ವರ್ಷ ಉದ್ಯೋಗ ಖಾತರಿಯ ಕೆಲಸಕ್ಕೆ ಬರುವ ತಾಯಂದಿರ ಮಕ್ಕಳಿಗಾಗಿ 4,000 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಸರ್ಕಾರದವರು ಪ್ರಕಟಿಸಿದರು. ಹಳ್ಳಿಗೆ ಸಲ್ಲುವ ಈ ನ್ಯಾಯವು ಪೀಣ್ಯಕ್ಕೂ ಸಲ್ಲಬೇಡವೆ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಂತೆ ಸ್ತ್ರೀಯರು ತಮ್ಮ ಸಮ್ಮತಿಯಿಂದ ರಾತ್ರಿಯ ಪಾಳಿಯಲ್ಲಿಯೂ ದುಡಿಯಬಹುದು. ಸಮ್ಮತಿಯೆಂಬ ಮಾತಿಗೆ ಬೆಲೆ ಬರಬೇಕಾದರೆ ಒಲ್ಲೆನೆಂದವಳ ಕೆಲಸ ಹೋಗದಂತೆ ನೋಡಿಕೊಳ್ಳಬೇಕು.

ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಬಹುಪಾಲು ದುಡಿಯುವವರು ಸ್ತ್ರೀಯರೇ. 2016ರ ಏಪ್ರಿಲ್ ತಿಂಗಳಲ್ಲಿ ಭವಿಷ್ಯನಿಧಿಯ ಹಣವನ್ನು ಹಿಂದಕ್ಕೆ ಪಡೆಯುವುದರ ಮೇಲೆ ಹೊಸ ನಿರ್ಬಂಧ ಬಂದಾಗ ಅವರು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿದರು. ಕೇಂದ್ರ ಸರ್ಕಾರವು ಆ ನಿಯಮವನ್ನು ಹಿಂತೆಗೆದುಕೊಳ್ಳಬೇಕಾಯಿತು. ತನ್ನ ದುಡಿಮೆಯ ಹಣವೆಂದರೆ ಏನೆಂಬುದನ್ನು ಅವರು ಬಲ್ಲರು. ಆದರೆ ಹೊಲಿಗೆಯ ಯಂತ್ರದ ಮುಂದೆ ಹತ್ತು ವರ್ಷ ಕುಳಿತವಳು ಹನ್ನೊಂದನೆಯ ವರ್ಷದಲ್ಲಿಯೂ ಅಲ್ಲಿಯೇ ಕುಳಿತಿರುತ್ತಾಳೆ; ನಮೂನೆ ಕತ್ತರಿಸುವ, ಯಂತ್ರ ರಿಪೇರಿ ಮಾಡುವ, ಸಾಲನ್ನು ನಡೆಸುವ ಕೆಲಸಗಳಿಗೆ ಆಕೆಯನ್ನು ಏರಿಸುವವರು ಕಡಮೆ. ದೇವನಹಳ್ಳಿಯ ಬಳಿ ತಲೆಯೆತ್ತಿರುವ ಮೊಬೈಲ್ ಫೋನಿನ ಕಾರ್ಖಾನೆಯಲ್ಲಿಯೂ ಬಹುಪಾಲು ತರುಣಿಯರೇ ಇರುವರು. ಅವರ ಚುರುಕು ಬೆರಳುಗಳನ್ನು ಮಾತ್ರ ಬಳಸಿಕೊಂಡು ಬಿಡುವೆವೋ, ಅವರನ್ನು ಕಸುಬುಗಾರ್ತಿಯರನ್ನಾಗಿ ಬೆಳೆಸುವೆವೋ ಎಂಬುದರ ಮೇಲೆ ನಾಡಿನ ಮುಂದಿನ ಮೂವತ್ತು ವರ್ಷಗಳು ನಿಂತಿವೆ.

ಎರಡು ಆಕ್ಷೇಪಗಳು

ಗಣಕದಿಂದ ನಡೆಯುವ ಯಂತ್ರಗಳು ಬಂದಮೇಲೆ ಕಸುಬಿಗೇನು ಕೆಲಸವೆಂದು ಕೆಲವರು ಕೇಳುತ್ತಾರೆ. ಅಂಥ ಯಂತ್ರವು ಹೇಳಿದಷ್ಟನ್ನು ಮಾಡುತ್ತದೆ. ತಪ್ಪು ಹೇಳಿದರೆ ತಪ್ಪನ್ನೇ ಬಹು ಬೇಗನೆ, ಬಹು ಅಚ್ಚುಕಟ್ಟಾಗಿ ಮಾಡುತ್ತದೆ. ಲೋಹದ ಗುಣವನ್ನೂ ಉಳಿಯ ಗುಣವನ್ನೂ ಬಲ್ಲವನೇ ಅದಕ್ಕೆ ಸರಿಯಾಗಿ ಹೇಳಬಲ್ಲನು. ಯಂತ್ರವು ಬೆಲೆಯುಳ್ಳದ್ದಾದಷ್ಟೂ ಅದರ ಮುಂದೆ ನಿಲ್ಲುವವನ ಅರಿವಿಗೆ ಬೆಲೆ ಹೆಚ್ಚೇ ಹೊರತು ಕಡಮೆಯಲ್ಲ.

ಸರ್ಕಾರದವರು ಅಕ್ಕಿ ಕೊಟ್ಟು ಹಣ ಕೊಟ್ಟು ಜನರನ್ನು ಸೋಮಾರಿಗಳನ್ನಾಗಿ ಮಾಡಿರುವರೆಂಬುದು ಎರಡನೆಯ ಆಕ್ಷೇಪ. ಇದು ಹೊಟ್ಟೆ ತುಂಬಿದವರ ಮಾತು. ಹಸಿವಿನ ಹೆದರಿಕೆಯಿಂದ ಕೂಲಿಯಾಳನ್ನು ಪಡೆಯಬಹುದು, ಕಸುಬುಗಾರನನ್ನು ಪಡೆಯಲಾಗದು. ಮೂರು ವರ್ಷ ಕುಳಿತು ಕಲಿಯುವ ಸಾವಧಾನವು ಬರುವುದು ನಾಳೆಯ ಅನ್ನದ ಚಿಂತೆ ಇಲ್ಲದವನಿಗೇ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಗಳಂತೆ ಕೊಡಲು 2024ರ ಜನವರಿಯಿಂದ ರಾಜ್ಯ ಸರ್ಕಾರದವರು ಪ್ರಾರಂಭಿಸಿದರಷ್ಟೆ. ಅಂಥ ಹಣವು ಕಾಯುವುದಕ್ಕೆ ಮಾತ್ರವಲ್ಲದೆ ಕಲಿಯುವುದಕ್ಕೂ ಊರುಗೋಲಾಗುವಂತೆ ಕಾರ್ಖಾನೆಯ ಬಾಗಿಲಿಗೆ ಜೋಡಿಸುವುದು ಕಷ್ಟವೇನಲ್ಲ.

ಆಗಬೇಕಾದ ಕಾರ್ಯಗಳು

ಮೊದಲನೆಯದಾಗಿ, ಮೇಸ್ತ್ರಿಯನ್ನು ಗುರುವೆಂದು ಒಪ್ಪಿಕೊಳ್ಳತಕ್ಕದ್ದು. ಇಪ್ಪತ್ತು ವರ್ಷ ಪಳಗಿದ ಫಿಟ್ಟರನಿಗೆ ಪದವಿಯಿಲ್ಲವೆಂದು ಬಾಗಿಲು ಮುಚ್ಚದೆ, ಅವನ ಕೈಯನ್ನು ಪರೀಕ್ಷಿಸಿ, ಪತ್ರ ಕೊಟ್ಟು, ಸಂಬಳ ಕೊಟ್ಟು ತರಬೇತಿ ಸಂಸ್ಥೆಗೆ ಕರೆತರಬೇಕು. 2023ರ ಸೆಪ್ಟೆಂಬರಿನಲ್ಲಿ 18 ಸಾಂಪ್ರದಾಯಿಕ ಕಸುಬುಗಳವರಿಗಾಗಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಹತ್ಯಾರಗಳಿಗೆ 15,000 ರೂಪಾಯಿಯನ್ನೂ ಕಡಮೆ ಬಡ್ಡಿಯ ಸಾಲವನ್ನೂ ಕೊಡುತ್ತಾರೆ. ಶಿಷ್ಯನನ್ನು ಇಟ್ಟುಕೊಂಡು ಕಲಿಸುವ ಕಸುಬುದಾರನಿಗೆ ಗುರುದಕ್ಷಿಣೆಯನ್ನೂ ಸರ್ಕಾರವೇ ಕೊಟ್ಟರೆ ಯೋಜನೆಯು ಸಾರ್ಥಕವಾದೀತು.

ಎರಡನೆಯದಾಗಿ, ಸರ್ಕಾರವೇ ನಾಡಿನ ಅತಿ ದೊಡ್ಡ ಗಿರಾಕಿಯೆಂಬುದನ್ನು ಅಧಿಕಾರಿವರ್ಗದವರು ನೆನೆಯಬೇಕು. ಸೇತುವೆ, ರಸ್ತೆ, ಶಾಲೆಯ ಕಟ್ಟಡ ಇವುಗಳ ಗುತ್ತಿಗೆಯನ್ನು ಕೊಡುವಾಗ ಇಷ್ಟು ಮಂದಿ ಪತ್ರವುಳ್ಳ ಕೆಲಸಗಾರರಿರಬೇಕು, ಇಷ್ಟು ಮಂದಿ ಶಿಶಿಕ್ಷುಗಳಿರಬೇಕು ಎಂಬ ಒಂದು ಕಲಮನ್ನು ಸೇರಿಸಿ ಅದನ್ನು ನಡೆಸಿಕೊಂಡು ಬಂದರೆ, ನೂರು ಭಾಷಣಗಳಿಂದ ಆಗದ ಕೆಲಸ ಅದೊಂದರಿಂದ ಆದೀತು.

ಮೂರನೆಯದಾಗಿ, ಕಸುಬಿನ ಪಾಠವು ಕನ್ನಡದಲ್ಲಿ ನಡೆಯಬೇಕು. ನಕ್ಷೆಯನ್ನೂ ಯಂತ್ರದ ಕೈಪಿಡಿಯನ್ನೂ ತಡಕಾಡಿ ಓದಬೇಕಾದ ಹುಡುಗನು ಕೈಯಲ್ಲಿ ಬಲ್ಲದ್ದನ್ನೂ ಪರೀಕ್ಷೆಯಲ್ಲಿ ಬರೆಯಲಾರದೆ ಸೋಲುತ್ತಾನೆ. ಲೇತು, ವೆಲ್ಡಿಂಗ್, ಫಿಟ್ಟಿಂಗ್ ಎಂದು ಜನರ ಬಾಯಲ್ಲಿ ನೆಲಸಿದ ಮಾತುಗಳನ್ನು ಹಾಗೆಯೇ ಇಟ್ಟುಕೊಂಡು, ತಿಳಿಗನ್ನಡದಲ್ಲಿ ಕಸುಬಿನ ಪುಸ್ತಕಗಳನ್ನು ಬರೆಸುವುದು ನಮ್ಮ ವಿದ್ಯಾಸಂಸ್ಥೆಗಳಿಗೆ ಶಕ್ಯವಾದ ಕೆಲಸ.

ನಾಲ್ಕನೆಯದಾಗಿ, ಮಾಧ್ಯಮಿಕ ಶಾಲೆಯಲ್ಲಿಯೇ ಪ್ರತಿಯೊಬ್ಬ ಬಾಲಕನೂ ಬಾಲಕಿಯೂ ಉಳಿ ಗರಗಸಗಳನ್ನು ಹಿಡಿಯುವಂತಾಗಬೇಕು. ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಇದನ್ನೇ ಸೂಚಿಸಿದರು. 2025ರ ವೇಳೆಗೆ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗಾದರೂ ಕಸುಬಿನ ಪರಿಚಯವಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣನೀತಿಯು ಹೇಳಿತು. ಆ ವರ್ಷವೂ ಕಳೆಯಿತು. ಇನ್ನೆಷ್ಟು ವರ್ಷಗಳನ್ನು ಕಳೆಯೋಣ?

ಕೊನೆಯದಾಗಿ ನಮ್ಮ ವಾಚಕರಿಗೆ ಒಂದು ಮಾತು. ಸರ್ಕಾರವು ಶಾಲೆ ತೆರೆಯಬಲ್ಲುದು, ಉದ್ಯಮಿಯು ಭತ್ಯ ಕೊಡಬಲ್ಲನು. ಕಸುಬಿಗೆ ಮರ್ಯಾದೆಯನ್ನು ಕೊಡತಕ್ಕವರು ಸಮಾಜದ ಗಣ್ಯರೆನಿಸಿದ ನೀವೇ. ನಾಳೆ ನಿಮ್ಮ ಮನೆಗೆ ಬರುವ ಬಡಗಿಗೆ ಆಸನ ಕೊಟ್ಟು ಏಕವಚನವನ್ನು ಬಿಟ್ಟು ಮಾತನಾಡಿಸಿರಿ. ಚೌಕಾಸಿ ಮಾಡದೆ ಅವನ ಕೈಚಳಕಕ್ಕೆ ತಕ್ಕ ಬೆಲೆಯನ್ನು ಸಲ್ಲಿಸಿರಿ. ನಿಮ್ಮ ಮಗನೋ ಮಗಳೋ ಕಸುಬಿನ ಶಾಲೆಗೆ ಹೋಗುವೆನೆಂದರೆ ತಡೆಯಬೇಡಿರಿ. ತಾರುಣ್ಯವು ದೇಶಕ್ಕೂ ಒಂದೇ ಸಲ ಬರತಕ್ಕದ್ದು. ಇಂದಿನ ತರುಣರು ನಡುವಯಸ್ಸಿನವರಾಗುವುದರೊಳಗೆ ಅವರ ಕೈಗೆ ವಿದ್ಯೆ ಕೊಡದೆ ಹೋದರೆ, ಭತ್ತವು ಕಣಜದಲ್ಲಿಯೇ ಮುಗ್ಗಿದಂತಾಗುವುದು.